ಹಳೆಯ ‘ಎನ್‌ಸಿ’ ಇದ್ದರೆ ಹೊಸ ಕೆಲಸ ತಪ್ಪುತ್ತದೆಯೇ?

ಓದುಗರ ಪತ್ರ: ‘ನಾನು ಕುಂದಾಪುರ ಕಡೆಯವನು. ಪಿಯುಸಿ ಮುಗಿಸಿ ಮುಂಬಯಿಗೆ ಬಂದೆ. ಚೆಂಬೂರಿನ ಹೋಟೆಲಿನಲ್ಲಿ ಹನ್ನೊಂದು ವರ್ಷ ದುಡಿದೆ. ಈಗ ಪೊವಾಯಿಯ ಒಂದು ಕಂಪನಿಯ ಕ್ಯಾಂಟೀನ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಪೊಲೀಸ್ ಸರ್ಟಿಫಿಕೇಟ್ ಕೇಳಿದ್ದಾರೆ. 2017ರಲ್ಲಿ ಗಾಡಿ ನಿಲ್ಲಿಸುವ ವಿಷಯಕ್ಕೆ ಜಗಳವಾಗಿ ಒಬ್ಬರು ನನ್ನ ಮೇಲೆ ಎನ್‌ಸಿ ಬರೆಸಿದ್ದರು. ಠಾಣೆಗೆ ಒಮ್ಮೆ ಕರೆದು, ಬುದ್ಧಿ ಹೇಳಿ ಕಳಿಸಿದರು. ನಾಲ್ಕು ಸಾವಿರ ಕೊಟ್ಟರೆ ಕ್ಲೀನ್ ಸರ್ಟಿಫಿಕೇಟ್ ತರಿಸುತ್ತೇನೆ, ಫಾರ್ಮಿನಲ್ಲಿ ಅದನ್ನೆಲ್ಲ ಬರೆಯಬೇಡ ಎನ್ನುತ್ತಾನೆ ಏಜೆಂಟ್. ಏನು ಮಾಡಲಿ?’ – ಡೊಂಬಿವಲಿಯ ಒಬ್ಬ ಓದುಗ

ಸಂಪಾದಕರ ಉತ್ತರ:

ಪ್ರಿಯ ಸಹೋದರ,

ನಾಲ್ಕು ಸಾವಿರ ಕೊಡಬೇಡಿ. ಈ ಪತ್ರ ಕೈಗೆ ಬಂದ ದಿನವೇ ನಿಮಗೆ ಇಷ್ಟನ್ನಾದರೂ ಹೇಳಿಬಿಡಬೇಕು ಅನ್ನಿಸಿತು.

ಮೊದಲು ನಿಮ್ಮ ಭಯದ ವಿಷಯ. ಎನ್‌ಸಿ, ಅಂದರೆ ನಾನ್-ಕಾಗ್ನಿಜಬಲ್ ದೂರು, ಎಫ್‌ಐಆರ್ ಅಲ್ಲ. ಬೈದದ್ದು, ಸಣ್ಣಪುಟ್ಟ ಹೊಡೆದಾಟ, ಇಂಥ ದೂರು ಬಂದರೆ ಪೊಲೀಸರು ಅದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಅದರ ತನಿಖೆ ಮಾಡುವಂತಿಲ್ಲ. ನಿಮ್ಮ ಜಗಳದ ಕಾಲಕ್ಕೆ ಇದು ಸಿಆರ್‌ಪಿಸಿಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 155ನೇ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ 174ನೇ ಸೆಕ್ಷನ್. ಯಾರೋ ಬಂದು ನಿಮ್ಮ ಹೆಸರು ಬರೆಸಿದ ಮಾತ್ರಕ್ಕೆ ನೀವು ಅಪರಾಧಿ ಆಗುವುದಿಲ್ಲ. ಇಷ್ಟು ವರ್ಷ ಇದನ್ನು ಎದೆಯಲ್ಲಿ ಇಟ್ಟುಕೊಂಡು ಓಡಾಡಿದಿರಲ್ಲ, ಅದೇ ನನಗೆ ಜಾಸ್ತಿ ನೋವು ಕೊಟ್ಟಿತು.

ಆದರೆ ಒಂದನ್ನು ನೆನಪು ಮಾಡಿಕೊಳ್ಳಿ. ಆಗ ಎಸಿಪಿ (ಸಹಾಯಕ ಪೊಲೀಸ್ ಕಮಿಷನರ್) ಆಫೀಸಿಗೆ ಕರೆಸಿ, ‘ಇನ್ನು ಜಗಳ ಮಾಡುವುದಿಲ್ಲ’ ಎಂಬ ಬಾಂಡಿಗೆ ಸಹಿ ಹಾಕಿಸಿಕೊಂಡಿದ್ದರೇ? ಎನ್‌ಸಿ ಆದ ಮೇಲೆ ಕೆಲವೊಮ್ಮೆ ಹಾಗೆ ‘ಚಾಪ್ಟರ್ ಕೇಸ್’ ಮಾಡುತ್ತಾರೆ. ಹಳೆಯ ಸಿಆರ್‌ಪಿಸಿಯ ಲೆಕ್ಕದಲ್ಲಿ 107ನೇ ಸೆಕ್ಷನ್ ಎಂದು ನಮ್ಮ ಹೋಟೆಲಿನವರು ಹೇಳುವುದು ಇದನ್ನೇ. ಅದೂ ಶಿಕ್ಷೆಯಲ್ಲ, ಹೆಚ್ಚೆಂದರೆ ಒಂದು ವರ್ಷದ ಮುಚ್ಚಳಿಕೆ. ಆದರೂ ಆಗಿದೆಯೋ ಇಲ್ಲವೋ ನಿಮಗೆ ಗೊತ್ತಿರಬೇಕು. ಆ ಠಾಣೆಗೆ ಹೋಗಿ ವಿನಯದಿಂದ ಕೇಳಿ. ಹೇಳದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಕೊಡಿ, ಉತ್ತರಕ್ಕೆ 30 ದಿನದ ಗಡುವು ಇದೆ. ಮೊಬೈಲಿನ ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಹೆಸರು ಹಾಕಿಯೂ ನೋಡಿ. ಕೋರ್ಟಿಗೆ ಏನಾದರೂ ಹೋಗಿದ್ದರೆ ಅಲ್ಲಿ ಸಿಗುವ ಸಾಧ್ಯತೆ ಇದೆ.

ಈಗ ಸರ್ಟಿಫಿಕೇಟು. ಇದಕ್ಕೆ ಮರಾಠಿಯಲ್ಲಿ ‘ಚಾರಿತ್ರ್ಯ ಪಡತಾಳಣಿ’ ಎನ್ನುತ್ತಾರೆ. ಕೆಲಸ ಪೊವಾಯಿಯಲ್ಲಿದೆ, ಜಗಳ ಚೆಂಬೂರಿನಲ್ಲಾಗಿದೆ, ಅಂದ ಮೇಲೆ ಮುಂಬಯಿ ಪೊಲೀಸರಿಗೆ ಅರ್ಜಿ ಎಂದುಕೊಂಡಿರಬಹುದು. ಹಾಗಲ್ಲ. ನೀವಿರುವುದು ಡೊಂಬಿವಲಿಯಲ್ಲಿ, ಅದು ಥಾಣೆ ಪೊಲೀಸ್ ಕಮಿಷನರರ ವ್ಯಾಪ್ತಿ. ನವಿ ಮುಂಬಯಿಗೆ ಬೇರೆ ಕಮಿಷನರ್. 2020ರಿಂದ ಮೀರಾ-ಭಾಯಂದರ್, ವಸಯಿ-ವಿರಾರ್‌ಗೂ ಬೇರೆ. ಪುಣೆಯಲ್ಲೂ 2018ರಲ್ಲಿ ಪಿಂಪ್ರಿ-ಚಿಂಚವಾಡ ಬೇರೆಯಾಯಿತು. ಲೋಕಲ್ ಟ್ರೇನಿನಲ್ಲಿ ಓಡಾಡುವ ನಮಗೆ ಎಲ್ಲವೂ ಒಂದೇ ಊರು. ಅರ್ಜಿಯಲ್ಲಿ ಮಾತ್ರ ವಾಸದ ಜಾಗದ ಕಮಿಷನರೇಟು, ಅಲ್ಲಿನ ಠಾಣೆ, ಇವನ್ನೇ ಆರಿಸಬೇಕು. ಅರ್ಜಿ ಆನ್‌ಲೈನಿನಲ್ಲೇ ತುಂಬಬಹುದು. ಶುಲ್ಕವೂ ಅಲ್ಲೇ ಕಟ್ಟುವುದು, ರಸೀದಿಯೂ ಸಿಗುತ್ತದೆ.

ನಮ್ಮವರು ಸಿಕ್ಕಿಬೀಳುವುದು ವಿಳಾಸದಲ್ಲಿ. ಆಧಾರ್ ಕಾರ್ಡು ಊರಿನದು, ಪಡಿತರ ಚೀಟಿ ಅಪ್ಪನ ಹೆಸರಿನಲ್ಲಿ, ಮಲಗುವುದು ಹೋಟೆಲಿನ ಮೇಲಿನ ರೂಮಿನಲ್ಲಿ. ಹತ್ತು ವರ್ಷ ಈ ನಗರದಲ್ಲಿ ಬೆವರು ಸುರಿಸಿದವನ ಹತ್ತಿರ ಇಲ್ಲಿದ್ದೇನೆ ಎಂದು ತೋರಿಸಲು ಒಂದು ಚೀಟಿ ಇರುವುದಿಲ್ಲ. ಏಜೆಂಟರು ಹುಟ್ಟುವುದೇ ಇಲ್ಲಿ. ನೀವೀಗ ಬಾಡಿಗೆ ಮನೆಯಲ್ಲಿದ್ದರೆ ಲೀವ್ ಆ್ಯಂಡ್ ಲೈಸೆನ್ಸ್ ಒಪ್ಪಂದ ನೋಂದಣಿ ಆಗಿದೆಯೇ ಎಂದು ಮನೆ ಮಾಲೀಕರನ್ನು ಕೇಳಿ. 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆಯ ಪ್ರಕಾರ ಅದನ್ನು ಬರೆದು ನೋಂದಾಯಿಸುವುದು ಕಡ್ಡಾಯ, ಹೊಣೆ ಮಾಲೀಕರದು. ನೀವು ಕೇಳುತ್ತಿರುವುದು ಉಪಕಾರವಲ್ಲ. ಹೋಟೆಲ್ ಮಾಲೀಕರಿಗೂ ನನ್ನದೊಂದು ಕಳಕಳಿಯ ಮಾತು: ನಿಮ್ಮ ಹುಡುಗರಿಗೆ ‘ಇವರು ಇಷ್ಟು ವರ್ಷ ನಮ್ಮಲ್ಲಿದ್ದಾರೆ’ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ. ನಾಳೆ ಎಲ್ಲಾದರೂ ಅವರಿಗೆ ಆಧಾರವಾಗುತ್ತದೆ.

ಮುಂದೆ ಗಲ್ಫಿಗೆ ಹೋಗುವ ಯೋಚನೆಯಿದ್ದರೆ ಅದರ ದಾರಿ ಬೇರೆ. ಅದಕ್ಕೆ ಬೇಕಾದ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಕೊಡುವುದು ಪಾಸ್‌ಪೋರ್ಟ್ ಆಫೀಸು, ಶುಲ್ಕ 500 ರೂಪಾಯಿ. ಊರಿನ ವಿಳಾಸಕ್ಕೆ ಕರ್ನಾಟಕ ಪೊಲೀಸರ ಸರ್ಟಿಫಿಕೇಟ್ ಬೇಕಾದರೆ ಕರ್ನಾಟಕ ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು.

ಇನ್ನು ‘ಬರೆಯಬೇಡ’ ಎಂಬ ಮಾತು. ನನ್ನ ಅಕ್ಕನ ಮಗನ ಕಥೆ ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ಹೊಡೆದಾಟದ ಒಂದು ಕೇಸಿನಲ್ಲಿ ಅವನ ಹೆಸರೂ ಸೇರಿತ್ತು. ಕೋರ್ಟು ಬಿಡುಗಡೆ ಮಾಡಿತು. ಕೆಲಸಕ್ಕೆ ಸೇರುವಾಗ ‘ನಿಮ್ಮ ಮೇಲೆ ಎಂದಾದರೂ ಕೇಸ್ ಇತ್ತೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದ. ಬಿಡುಗಡೆ ಆಗಿದೆಯಲ್ಲ, ಸುಮ್ನೆ ಯಾಕೆ ಹೇಳುವುದು ಅಂತ. ನಾಲ್ಕು ತಿಂಗಳ ಮೇಲೆ ಕಂಪನಿಗೆ ತಿಳಿಯಿತು, ಕೆಲಸ ಹೋಯಿತು. ‘ಕೇಸಿಗೆ ಅಲ್ಲಪ್ಪ, ಸುಳ್ಳಿಗೆ’ ಎಂದರಂತೆ. ಆ ರಾತ್ರಿ ಅವನು ನಮ್ಮ ಮನೆಗೆ ಬಂದು, ಊಟದ ತಟ್ಟೆ ಮುಂದಿಟ್ಟುಕೊಂಡು ಮುಟ್ಟದೆ ಕೂತಿದ್ದ. ಫಾರ್ಮು ತುಂಬುವ ಮೊದಲು ನನಗೆ ಒಂದು ಫೋನ್ ಮಾಡಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿದೆ. ಕೇಳಿದ್ದಕ್ಕೆ ನಿಜ ಬರೆಯಬೇಕು, ಮುಚ್ಚಿಡಬಾರದು. ಎಳೆ ವಯಸ್ಸಿನ ಸಣ್ಣ ತಪ್ಪನ್ನು ಕೆಲಸ ಕೊಡುವವರು ಮನ್ನಿಸಬಹುದು. ಫಾರ್ಮಿನ ಪ್ರಶ್ನೆ ಸ್ಪಷ್ಟವಾಗಿರಬೇಕು, ಗೊಂದಲದ ಪ್ರಶ್ನೆ ಹಾಕಿ ಮುಚ್ಚಿಟ್ಟೆ ಎನ್ನುವಂತಿಲ್ಲ. ಸರಕಾರಿ ಕೆಲಸದ ವಿಚಾರದಲ್ಲಿ ಬಂದ ತೀರ್ಪು ಅದು. ಖಾಸಗಿ ಕೆಲಸಕ್ಕೂ ನಾನು ಅದೇ ದಾರಿ ಹೇಳುತ್ತೇನೆ.

ಹಾಗಾಗಿ ಪ್ರಶ್ನೆಯನ್ನು ಎರಡು ಸಲ ಓದಿ. ‘ಶಿಕ್ಷೆ ಆಗಿದೆಯೇ’, ‘ಕೋರ್ಟಿನಲ್ಲಿ ಕೇಸ್ ನಡೆಯುತ್ತಿದೆಯೇ’ ಎಂದಷ್ಟೇ ಇದ್ದು, ನೀವು ವಿಚಾರಿಸಿದಾಗ ಹಾಗೇನೂ ಇಲ್ಲವೆಂದು ಗೊತ್ತಾದರೆ, ‘ಇಲ್ಲ’ ಎನ್ನುವುದೇ ನಿಜ. ‘ಪೊಲೀಸ್ ದೂರು ಎಂದಾದರೂ ಇತ್ತೇ’ ಎಂದಿದ್ದರೆ ‘2017ರಲ್ಲಿ ಒಂದು ಎನ್‌ಸಿ, ಮುಂದೆ ಏನೂ ಆಗಲಿಲ್ಲ’ ಎಂದು ಒಂದೇ ಸಾಲು ಬರೆಯಿರಿ. ಕಂಪನಿಯವರಿಗೂ ಮೊದಲೇ ಬಾಯಿಬಿಟ್ಟು ಹೇಳಿ. ಸರ್ಟಿಫಿಕೇಟು ತಡವಾಗುವಂತಿದ್ದರೆ ಅರ್ಜಿಯ ರಸೀದಿ ತೋರಿಸಿ ಸ್ವಲ್ಪ ಸಮಯ ಕೇಳಿ.

ಅರ್ಜಿ ತುಂಬಲು ಮರಾಠಿ ತೊಡಕಾದರೆ ಭಾನುವಾರ ಬೆಳಗ್ಗೆ ಮಾಟುಂಗದ ನಮ್ಮ ಕಚೇರಿಗೆ ಬನ್ನಿ. ಆಧಾರ್, ಫೋಟೊ, ಬಾಡಿಗೆ ಒಪ್ಪಂದ, ಕಂಪನಿಯ ಪತ್ರ ಜೊತೆಗಿರಲಿ. ಕೂತು ಒಟ್ಟಿಗೇ ತುಂಬೋಣ.