ಶಾಲೆ ಬದಲಾಯಿಸಬೇಡಿ, ಸುಟ್ಟ ಗಾಯ ಎಂದೂ ಹೇಳಬೇಡಿ

ನಿಮ್ಮ ಮಗನಿಗೆ ಏಳು ವರ್ಷ, ತುಟಿಯ ಅಂಚಿನಲ್ಲೂ ಕಣ್ಣಿನ ಸುತ್ತಲೂ ತೊನ್ನಿನ ಕಲೆಗಳು ಬಂದಿವೆ, ತರಗತಿಯ ಮಕ್ಕಳು ಪಕ್ಕದಲ್ಲಿ ಕೂರುತ್ತಿಲ್ಲ; ಚಿಕಿತ್ಸೆ ಫಲ ಕೊಡುವವರೆಗೆ ಬೇರೆ ಶಾಲೆಗೆ ಹಾಕುವುದೋ, ಮನೆಯಲ್ಲೇ ಓದಿಸುವುದೋ, ಆ ಮಕ್ಕಳಿಗೆ ಕರುಣೆ ಕಲಿಸುವುದು ಹೇಗೆ ಎಂದು ಕೇಳಿದ್ದೀರಿ. ಶಾಲೆಯನ್ನೂ ಬದಲಾಯಿಸಬೇಡಿ, ಮನೆಯಲ್ಲೂ ಕೂರಿಸಬೇಡಿ. ಕರುಣೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಮಗಳಿಗೆ ಈಗ 19 ವರ್ಷ. ಮೊದಲ ಕಲೆ ಕಣ್ಣಿಗೆ ಬಿದ್ದದ್ದು ಅವಳ ಐದನೇ ವರ್ಷದಲ್ಲಿ, ಎಣ್ಣೆಸ್ನಾನ ಮಾಡಿಸುವಾಗ. ಸೊಂಟದಲ್ಲಿ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಬೆರಳಗಲದ ಬಿಳಿ ಪಟ್ಟಿ. ಲಾಡಿ ಒತ್ತಿದ ಗುರುತಿರಬೇಕು ಎಂದುಕೊಂಡೆ. ತಿಂಗಳು ಕಳೆಯುವುದರೊಳಗೆ ಎಡಗಣ್ಣಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಬಿಳುಪು, ಆಮೇಲೆ ಮಂಡಿಯ ಮೇಲೆ ಇನ್ನೊಂದು. ನಾವಿರುವುದು ತಿಪಟೂರಿನ ಹತ್ತಿರ. ತುಮಕೂರಿಗೆ ಕರೆದುಕೊಂಡು ಹೋದೆವು. ಚರ್ಮದ ವೈದ್ಯರು ಕೋಣೆಯ ದೀಪ ಆರಿಸಿ, ನೇರಳೆ ಬೆಳಕಿನ ಸಣ್ಣದೊಂದು ದೀಪ ಹಿಡಿದರು. ಕಲೆಗಳು ನೀಲಿ ಹಾಕಿ ಒಗೆದ ಬಟ್ಟೆಯ ಹಾಗೆ ಹೊಳೆದವು. ಆಮೇಲೆ ಅವಳಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಕಲೆಯ ಮೇಲೆ ಸವರಿದರು. ಕಚಗುಳಿಯಾಗಿ ಕಿಲಕಿಲ ನಕ್ಕಳು. "ನೋಡಿ, ಸ್ಪರ್ಶ ಚೆನ್ನಾಗಿ ಗೊತ್ತಾಗುತ್ತಿದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮಂದವಾಗುತ್ತದೆ. ಇದು ಕುಷ್ಠವಲ್ಲ, ಅಂಟುವುದೂ ಇಲ್ಲ" ಎಂದರು. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಶತ್ರುವೆಂದು ತಿಳಿದು ಕೊಲ್ಲುತ್ತದೆ, ಉಜ್ಜಿದ ಗೀರಿದ ಜಾಗದಲ್ಲಿ ಹೊಸ ಕಲೆ ಏಳಬಹುದು, ಆದ್ದರಿಂದ ಲಾಡಿ ಬಿಡಿ, ಸಡಿಲವಾದ ಎಲಾಸ್ಟಿಕ್ ಹಾಕಿಸಿ ಎಂದು ವಿವರಿಸಿದರು. ನೂರು ಜನರಲ್ಲಿ ಒಬ್ಬರಿಗೆ ಇರುವಂಥದ್ದು ಎಂದೂ ಹೇಳಿದರು.

ಅಂದರೆ ನನಗೆ ಮೊದಲ ದಿನವೇ ಎಲ್ಲವೂ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಾನು ಮಾಡಿದ ತಪ್ಪು ತಿಳಿಯದೆ ಆದದ್ದಲ್ಲ.

ಮನೆಗೆ ಬಂದಾಗ ಅತ್ತೆ ಒಂದೇ ಮಾತು ಹೇಳಿದರು: "ಹೆಣ್ಣು ಮಗು. ಹೊರಗೆ ಬಾಯಿ ಬಿಡಬೇಡ." ನಾಗದೋಷವಿರಬಹುದು ಎಂದು ಕುಕ್ಕೆಗೆ ಹರಕೆ ಹೊತ್ತರು, ಹೋಗಿ ಬಂದೆವು, ಅದರ ಬಗ್ಗೆ ನನಗೆ ಬೇಸರವಿಲ್ಲ. ಹಾಲು ಮೀನು ಒಟ್ಟಿಗೆ ತಿನ್ನಿಸಿದಿರಾ ಎಂದು ನೆಂಟರು ಕೇಳಿದರು. ನಮ್ಮ ಮನೆಯ ಒಲೆಯ ಮೇಲೆ ಮೀನು ಬೆಂದದ್ದೇ ಇಲ್ಲ. ಇನ್ನೊಬ್ಬರು ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ನಿಲ್ಲಿಸಿ ಎಂದರು. ಬೊಬ್ಬೆ ಎದ್ದು ಸುಡುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ಆ ಅಪಾಯ ತಪ್ಪಿತು. ನೀವೂ ಸ್ವಂತ ಬುದ್ಧಿಯಿಂದ ಅದನ್ನು ಹಚ್ಚಬೇಡಿ.

ಅತ್ತೆ ಸುಮ್ಮನಿರು ಎಂದರು, ಅಷ್ಟೇ. ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಸುಳ್ಳನ್ನು ಕಟ್ಟಿದವಳು ನಾನು. ಕಣ್ಣಿನ ಮೂಲೆಯ ಕಲೆ ಮುಚ್ಚಲು ಮೈಬಣ್ಣದ ಕ್ರೀಮು ತಂದೆ, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹೊಲಿಸಿದೆ. ಬಣ್ಣ ಹಚ್ಚಿದ್ದನ್ನು ನಾನು ತಪ್ಪು ಎನ್ನುವುದಿಲ್ಲ. ಬೆಳೆದವರು ಇಷ್ಟಪಟ್ಟು ಹಚ್ಚಿಕೊಂಡರೆ ಅದು ಅವರ ಮುಖ, ಅವರ ಇಷ್ಟ. ತಪ್ಪಾದದ್ದು ಇಲ್ಲಿ: ಒಂದನೇ ತರಗತಿಗೆ ಸೇರಿಸುವ ಹಿಂದಿನ ರಾತ್ರಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಕಥೆ ಬಾಯಿಪಾಠ ಮಾಡಿಸಿದೆ. "ಯಾರಾದರೂ ಕೇಳಿದರೆ ಏನು ಹೇಳುತ್ತೀಯ?" "ಬಿಸಿ ಹಾಲು ಚೆಲ್ಲಿತು." "ಯಾವಾಗ?" "ಚಿಕ್ಕವಳಿದ್ದಾಗ." ತಡವರಿಸಿದರೆ ಮತ್ತೆ ಕೇಳಿಸಿಕೊಂಡೆ, ಮಗ್ಗಿ ಒಪ್ಪಿಸಿಕೊಂಡ ಹಾಗೆ. ಐದಾರು ಸಲವಾದ ಮೇಲೆ ತಡವರಿಸಲಿಲ್ಲ.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಸುಟ್ಟ ಗಾಯ ಎಂದರೆ ಜನ ಹತ್ತಿರ ಬಂದು ಕೈ ಸವರುತ್ತಾರೆ, ತೊನ್ನು ಎಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನನಗೆ ಆ ಒಂದು ಹೆಜ್ಜೆಯನ್ನು ನೋಡಲು ಧೈರ್ಯವಿರಲಿಲ್ಲ. ಒಂದು ವರ್ಷದ ಚಿಕಿತ್ಸೆಯಲ್ಲಿ ಎಲ್ಲ ಹೋಗುತ್ತದೆ, ಆಮೇಲೆ ಸುಳ್ಳೂ ತಾನಾಗಿ ಮುಗಿಯುತ್ತದೆ ಎಂದೂ ಲೆಕ್ಕ ಹಾಕಿದ್ದೆ. ನಿಮ್ಮ ಪ್ರಶ್ನೆಯಲ್ಲಿ "ಚಿಕಿತ್ಸೆ ಫಲ ಕೊಡುವವರೆಗೆ" ಎಂದು ಬರೆದಿದ್ದೀರಲ್ಲ, ಅದನ್ನು ಓದಿದಾಗ ನನಗೆ ಎದೆ ಧಸಕ್ಕೆಂದಿತು. ನನ್ನ ಲೆಕ್ಕವೂ ಅದೇ ಆಗಿತ್ತು. ಆ ಚಿಕ್ಕ ಮಗುವಿನ ಮದುವೆಯ ಚಿಂತೆಯೂ ಇತ್ತು. ಆದರೆ ಕಾರಣ ಎಷ್ಟೇ ಇರಲಿ, ಅವಳ ಕಿವಿಗೆ ಬಿದ್ದದ್ದು ಒಂದೇ: ನಿನ್ನ ಮೈಮೇಲೆ ಇರುವುದರ ನಿಜವಾದ ಹೆಸರನ್ನು ಅಮ್ಮ ಕೂಡ ಬಾಯಲ್ಲಿ ಹೇಳಲಾರಳು.

ಪಕ್ಕದ ಮನೆಯ ಹುಡುಗಿ ಅವಳ ಜೀವದ ಗೆಳತಿ. ಇಬ್ಬರೂ ಒಂದೇ ಬೆಂಚು, ಒಂದೇ ಡಬ್ಬಿ. ಆ ಹುಡುಗಿಯ ತಾಯಿ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಮೂರನೇ ತರಗತಿಯಲ್ಲಿ ಕಲೆ ಮಗಳ ಎಡಗೈ ಬೆರಳುಗಳಿಗೆ ಇಳಿಯಿತು. ಬೆರಳಿಗೆ ಎಷ್ಟು ಬಣ್ಣ ಹಚ್ಚಿದರೂ ಊಟದ ಹೊತ್ತಿಗೆ ತೊಳೆದುಹೋಗುತ್ತದೆ. ಒಂದು ದಿನ ಡಬ್ಬಿ ತೆರೆದಾಗ ಗೆಳತಿ ಕೇಳಿದಳಂತೆ, "ಸುಟ್ಟ ಗಾಯ ಬೆಳೆಯುತ್ತದೆಯೇ?"

ಎಂಟು ವರ್ಷದ ಮಗುವಿನ ಆ ಪ್ರಶ್ನೆಗೆ ನನ್ನ ಮಗಳ ಹತ್ತಿರ ಉತ್ತರ ಇರಲಿಲ್ಲ. ನಾನು ಅಷ್ಟನ್ನೇ ಕಲಿಸಿದ್ದೆ. ಸಂಜೆ ಗೆಳತಿಯ ತಾಯಿ ಬಂದು ಮೆಲ್ಲಗೆ ವಿಚಾರಿಸಿದಳು. ಆಗಲಾದರೂ ನಿಜ ಹೇಳಬಹುದಿತ್ತು. "ಅಲರ್ಜಿ" ಎಂದುಬಿಟ್ಟೆ. ಮರುದಿನದಿಂದ ಡಬ್ಬಿ ಬೇರೆಯಾಯಿತು, ವಾರದಲ್ಲಿ ಬೆಂಚೂ ಬೇರೆಯಾಯಿತು. ಆಕೆ ಅಕ್ಕ ಎನ್ನುವುದನ್ನು ಬಿಟ್ಟಳು. ಅಂಟುವ ರೋಗವಲ್ಲದಿದ್ದರೆ ಇಷ್ಟು ಮುಚ್ಚಿಡುತ್ತಿದ್ದರೇ ಎಂಬ ಮಾತು ಬೀದಿಯಲ್ಲಿ ಹರಡಿತು. ಆ ಮಾತಿಗೆ ನಾನೇ ಆಧಾರ ಒದಗಿಸಿದ್ದೆ.

ಗೆಳತಿ ಹೋದದ್ದಕ್ಕಿಂತ ದೊಡ್ಡ ನಷ್ಟ ನನಗೆ ತಿಳಿದದ್ದು ತಿಂಗಳುಗಳ ನಂತರ. ಮನೆಯಲ್ಲಿ ತಟ್ಟೆಯ ಮುಂದೆ ಕೂತಾಗ ಅವಳು ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದಳು. ಅಪ್ಪನ ಮುಂದೆ ಹಾಗೆ ಮಾಡುತ್ತಿರಲಿಲ್ಲ, ಅಜ್ಜಿಯ ಮುಂದೆ ಮಾಡುತ್ತಿರಲಿಲ್ಲ. ನಾನು ಅಡುಗೆಮನೆಯಿಂದ ಹೊರಗೆ ಬಂದ ತಕ್ಷಣ ಕೈ ಕೆಳಗೆ ಹೋಗುತ್ತಿತ್ತು. ಸಾರು ಬಡಿಸಲು ಬಗ್ಗಿದಾಗ ಒಂದು ದಿನ ಅದನ್ನು ಕಂಡೆ. ಸಾರಿನ ಸೌಟು ಹಿಡಿದುಕೊಂಡು ಹಾಗೆಯೇ ನಿಂತೆ.

ಆದರೂ ನಾನು ಬಾಯಿ ಬಿಟ್ಟದ್ದು ಅವಳು ಐದನೇ ತರಗತಿಗೆ ಬಂದ ಮೇಲೆ. ವರ್ಗವಾಗಿ ಬಂದ ಹೊಸ ಮೇಷ್ಟ್ರು ಕರೆಸಿ, "ಮಗುವಿಗೆ ತೊನ್ನಲ್ಲವೇ ಅಮ್ಮಾ?" ಎಂದು ನೇರವಾಗಿ ಕೇಳಿದರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು, ಯಾವ ಕಥೆ ಹೇಳುತ್ತೇನೆ ಎಂದು ಕಾಯುವವಳ ಹಾಗೆ. "ಹೌದು, ತೊನ್ನು" ಎಂದೆ. ಐದು ವರ್ಷದಲ್ಲಿ ಮೊದಲ ಸಲ ಅವಳ ಎದುರಿಗೆ ಆ ಪದ ಹೇಳಿದ್ದೆ. ಇಬ್ಬರೂ ಅತ್ತೆವು. ಮೇಷ್ಟ್ರು ಎದ್ದು ಹೋಗಿ ನೀರು ತಂದುಕೊಟ್ಟರು.

ಅವರು ತರಗತಿಯಲ್ಲಿ ಭಾಷಣ ಮಾಡಲಿಲ್ಲ. ವಿಜ್ಞಾನದ ಪಾಠದ ನಡುವೆ ಎಲ್ಲರಿಗೂ ಕೈ ಚಾಚಲು ಹೇಳಿ, ಮುಂಗೈ ನೋಡಿ, ಅಂಗೈ ನೋಡಿ, ಬಣ್ಣ ಒಂದೇ ಇದೆಯೇ ಎಂದು ಕೇಳಿದರಂತೆ. ಅಲ್ಲಿಂದ ಚರ್ಮದ ಬಣ್ಣ ಎಲ್ಲಿಂದ ಬರುತ್ತದೆ ಎಂಬ ಮಾತಿಗೆ ಬಂದು, ಪ್ರಶ್ನೆ ಇದ್ದರೆ ಕೇಳಿ ಎಂದರು. ಅದಕ್ಕೆ ಮುಂಚೆ ಮಗಳ ಒಪ್ಪಿಗೆ ಕೇಳಿದ್ದರು, ಇದು ಮುಖ್ಯ. ಒಬ್ಬ ಹುಡುಗ ಎದ್ದು, "ಮುಟ್ಟಿದರೆ ಬರುತ್ತದೆಯೇ ಸಾರ್?" ಎಂದ. ಮೇಷ್ಟ್ರು ಉತ್ತರಿಸುವ ಮೊದಲೇ ನನ್ನ ಮಗಳು ಹೇಳಿದಳಂತೆ: "ನಮ್ಮಮ್ಮ ದಿನಾ ನನಗೆ ತಲೆ ಬಾಚುತ್ತಾರೆ. ಅವರಿಗೆ ಬಂದಿಲ್ಲ."

ಈಗ ಕರುಣೆಯ ವಿಷಯ. ಆ ಪಾಠದ ನಂತರ ಒಂದು ತಿಂಗಳು ಮಕ್ಕಳೆಲ್ಲ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಚೀಲ ಹೊತ್ತುಕೊಟ್ಟರು, ಸಾಲಿನಲ್ಲಿ ಮುಂದೆ ಬಿಟ್ಟರು. ನನಗೆ ಸಂತೋಷವಾಗಿತ್ತು. ಅವಳು ಮಾತ್ರ ಒಂದು ಸಂಜೆ ಚೀಲ ಎಸೆದು, "ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದೆ, ಯಾರೂ ಔಟ್ ಎನ್ನಲಿಲ್ಲ" ಎಂದು ಅತ್ತಳು. ನನಗೆ ಮೊದಲು ಅರ್ಥವಾಗಲಿಲ್ಲ. ಆಟದಿಂದ ಹೊರಗೆ ಹಾಕದವರು ಆಟದ ಒಳಗೂ ಸೇರಿಸಿಕೊಂಡಿಲ್ಲ ಎಂದು ಆ ಮಗುವಿಗೆ ತಿಳಿದಿತ್ತು.

ಅದೇ ವಾರ ನಾನು ಪಕ್ಕದ ಮನೆಗೆ ಹೋಗಿ, "ಅಂದು ಸುಳ್ಳು ಹೇಳಿದೆ, ಅದು ತೊನ್ನು" ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಕಲೆ ನೋಡಿ ನಾನು ಹೆದರಲಿಲ್ಲ. ನೀವು ಮುಚ್ಚಿಟ್ಟಿರಲ್ಲ, ಅದಕ್ಕೆ ಹೆದರಿದೆ. ನನಗೂ ಮಗಳಿದ್ದಾಳೆ" ಎಂದಳು. ಕಾಫಿ ಕೊಟ್ಟಳು. ಅವರ ಮನೆಯ ಅಜ್ಜಿ ಮಾತ್ರ ಅದಾದ ಮೇಲೂ ವರ್ಷಗಟ್ಟಲೆ ನನ್ನ ಮಗಳಿಗೆ ನೀರನ್ನು ಮೇಲಿನಿಂದ ಹೊಯ್ದೇ ಕೊಟ್ಟರು. ಎಲ್ಲರೂ ಬದಲಾಗುತ್ತಾರೆ ಎಂದು ನಾನು ನಿಮಗೆ ಭರವಸೆ ಕೊಡಲಾರೆ.

ಹುಡುಗಿಯರು ಮತ್ತೆ ಸೇರಿದ್ದು ನಮ್ಮ ಸಂಧಾನದಿಂದಲ್ಲ. ನಾಲ್ಕಾರು ದಿನಗಳ ನಂತರ ಬೀದಿಯಲ್ಲಿ ಕುಂಟೆಬಿಲ್ಲೆ ನಡೆಯುತ್ತಿತ್ತು. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ಮಗಳ ಹಿಮ್ಮಡಿ ಗೆರೆಗೆ ತಾಗಿತು. ಎಲ್ಲ ಮಕ್ಕಳೂ ಸುಮ್ಮನಿದ್ದರು. ಹಳೆಯ ಗೆಳತಿ ಕಟ್ಟೆಯಿಂದ ಎದ್ದು, "ಔಟ್! ಗೆರೆ ತುಳಿದಳು, ನಾನು ನೋಡಿದೆ!" ಎಂದು ಕೂಗಿದಳು. ಇವಳು "ತುಳಿದಿಲ್ಲ" ಎಂದಳು. ಹತ್ತು ನಿಮಿಷ ಜಗಳವಾಡಿದರು. ಎರಡು ವರ್ಷದಲ್ಲಿ ಅವರಿಬ್ಬರೂ ಅಷ್ಟು ಮಾತಾಡಿರಲಿಲ್ಲ. ಮಾರನೆಯ ದಿನ ಡಬ್ಬಿಯಲ್ಲಿ ಎರಡು ಚಪಾತಿ ಹೆಚ್ಚಿಗೆ ಹಾಕು ಎಂದು ಮಗಳು ಹೇಳಿದಳು.

ಆದ್ದರಿಂದ ಕರುಣೆ ಕಲಿಸಲು ಹೋಗಬೇಡಿ. ಶಾಲೆಗೆ ಹೋಗಿ ಶಿಕ್ಷಕರಿಗೆ ಹೆಸರು ಹಿಡಿದು ಹೇಳಿ. "ಬಿಳಿ ಮಚ್ಚೆ", "ಚರ್ಮದ ತೊಂದರೆ" ಎಂದು ಸುತ್ತಿ ಬಳಸಿ ಹೇಳಬೇಡಿ, ತೊನ್ನು ಎನ್ನಿ. ಅದನ್ನು ಬೈಗುಳದ ಹಾಗೆ ಬಳಸುವವರ ಕೈಯಿಂದ ಆ ಪದವನ್ನು ನಾವೇ ಕಿತ್ತುಕೊಳ್ಳಬೇಕು. ನಿಮ್ಮ ಮಗನಿಗೆ ನಿಜವಾದ ಎರಡು ಮಾತು ಕಲಿಸಿ: ಇದು ತೊನ್ನು, ಅಂಟುವುದಿಲ್ಲ. ಮನೆಗೆ ಹತ್ತು ಮಕ್ಕಳನ್ನು ಕರೆದು ತಿಂಡಿ ಹಂಚುವ ಬದಲು ಒಬ್ಬನನ್ನು ಕರೆಯಿರಿ, ಆಟಕ್ಕೆ ಬಿಡಿ, ನೀವು ಒಳಗೆ ಹೋಗಿ. ಹೊಸ ಶಾಲೆ ಎಂದರೆ ಮತ್ತೆ ಮೊದಲ ದಿನದಿಂದ ನೋಟಗಳನ್ನು ಎದುರಿಸಬೇಕು, ಅದೂ ಒಬ್ಬ ಪರಿಚಿತನೂ ಇಲ್ಲದ ಕಡೆ. ಕಲೆಗಳು ಬಿಸಿಲಿಗೆ ಬೇಗ ಸುಡುತ್ತವೆ, ಆಟದ ಮೇಷ್ಟ್ರಿಗೆ ಟೋಪಿಯ ವಿಷಯ ತಿಳಿಸಿ. ಆದರೆ ಆಟ ಬಿಡಿಸಬೇಡಿ.

ಮೈಕೆಲ್ ಜಾಕ್ಸನ್ ಹೆಸರು ಕೇಳಿರುತ್ತೀರಿ. ಬೆಳ್ಳಗಾಗಲು ಚರ್ಮ ಸುಲಿಸಿಕೊಂಡ ಎಂದೇ ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು. ಅವರಿಗೆ ಇದ್ದದ್ದು ತೊನ್ನು. ವರ್ಷಗಟ್ಟಲೆ ಬಣ್ಣದಲ್ಲಿ ಮುಚ್ಚಿ, 1993ರಲ್ಲಿ ಓಪ್ರಾ ವಿನ್‌ಫ್ರೇ ಅವರ ಸಂದರ್ಶನದಲ್ಲಿ ಬಾಯಿ ಬಿಟ್ಟು ಹೇಳಿದರು. ಅಷ್ಟು ಹೊತ್ತಿಗೆ ಜನ ತಮ್ಮದೇ ಕಥೆ ಕಟ್ಟಿ ನಂಬಿಯಾಗಿತ್ತು. 2009ರಲ್ಲಿ ತೀರಿಕೊಂಡ ಮೇಲೆ ಶವಪರೀಕ್ಷೆಯೂ ಅದನ್ನೇ ದೃಢಪಡಿಸಿತು. ಅವರು ತೀರಿಕೊಂಡ ಜೂನ್ 25ನ್ನೇ ಈಗ ವಿಶ್ವ ತೊನ್ನು ದಿನವಾಗಿ ಆಚರಿಸುತ್ತಾರೆ. ಇದನ್ನು ನನಗೆ ಹೇಳಿದವಳು ಮಗಳೇ, ಹತ್ತನೇ ತರಗತಿಯಲ್ಲಿದ್ದಾಗ.

ಚಿಕಿತ್ಸೆಯನ್ನು ಖಂಡಿತ ಮಾಡಿಸಿ, ತಡಮಾಡಬೇಡಿ. ನಾವು ವಾರಕ್ಕೆ ಎರಡು ಸಲ ರೈಲಿನಲ್ಲಿ ತುಮಕೂರಿಗೆ ಹೋಗಿ ಬೆಳಕಿನ ಚಿಕಿತ್ಸೆ ಕೊಡಿಸಿದೆವು. ಕಣ್ಣಿನ ಮೂಲೆಯ ಬಿಳುಪಿನಲ್ಲಿ ರಾಗಿಕಾಳಿನಂಥ ಕಂದು ಚುಕ್ಕಿಗಳು ಒಂದೊಂದಾಗಿ ಎದ್ದು, ಕೂಡಿಕೊಂಡು, ಮೈಬಣ್ಣ ಮರಳಿತು. ಮುಖ ಸಾಮಾನ್ಯವಾಗಿ ಚೆನ್ನಾಗಿ ಸ್ಪಂದಿಸುತ್ತದೆ. ಬೆರಳು, ತುಟಿ ಹಟಮಾರಿ ಜಾಗಗಳು. ಅವಳ ಎಡಗೈಯ ನಾಲ್ಕು ಬೆರಳುಗಳು ಇಂದಿಗೂ ಬಿಳಿಯೇ. ನಿಮ್ಮ ಮಗನ ಬಾಲ್ಯವನ್ನು ಆ ಚುಕ್ಕಿಗಳಿಗಾಗಿ ಕಾಯಿಸಬೇಡಿ.

ಕಳೆದ ಗೌರಿ ಹಬ್ಬಕ್ಕೆ ಅದೇ ಗೆಳತಿ ಬಂದು ಅವಳ ಕೈಗೆ ಗೋರಂಟಿ ಹಚ್ಚಿದಳು. ಅಂಗಡಿಯ ಕಪ್ಪು ಮೆಹೆಂದಿಯ ರಾಸಾಯನಿಕ ಇಂಥ ಚರ್ಮಕ್ಕೆ ಆಗದು ಎಂದು ವೈದ್ಯರು ಹೇಳಿದ್ದರಿಂದ ಸೊಪ್ಪನ್ನು ಮನೆಯಲ್ಲೇ ಅರೆದಿದ್ದರು. ಬೆಳಿಗ್ಗೆ ತೊಳೆದಾಗ ಬಿಳಿ ಬೆರಳುಗಳ ಮೇಲೆ ಕೆಂಪು ಉಳಿದ ಬೆರಳಿಗಿಂತ ಎದ್ದು ಕಾಣುತ್ತಿತ್ತು. ಇಬ್ಬರೂ ಕೈ ಜೋಡಿಸಿ ಫೋಟೋ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದರು. ಮೈದುನನ ಮನೆಯಲ್ಲಿದ್ದ ಅತ್ತೆ ಅದನ್ನು ನೋಡಿ ಫೋನ್ ಮಾಡಿದರು. ನನಗೆ ಕೈ ನಡುಗಿತು. "ಇಷ್ಟು ಕೆಂಪಾಗಿದೆಯಲ್ಲ, ಸೊಪ್ಪು ಯಾರ ಮನೆಯ ಗಿಡದ್ದು?" ಎಂದು ಕೇಳಿದರು.