ಮೀಟಿಂಗಿಗೆ ಹೋದರೆ ಏನಂತ ಕೇಳಬೇಕು?

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಿಂದ, ಅಂದರೆ ಕೆಲಸಗಾರರ ಸಾಲುಮನೆಯಿಂದ, ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಅಂದಿದ್ದಾರೆ. ಪತ್ರದಲ್ಲಿರುವುದು ಇಷ್ಟು:

"ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜಿಗೆ ಬರ ಇಲ್ಲ. ಆಧಾರ್ ಜೆರಾಕ್ಸ್ ತನ್ನಿ, ಪಾಸ್‌ಬುಕ್ ತನ್ನಿ, ನಾಳೆ ಮಳೆ ರಜೆ, ನಾಡಿದ್ದು ಮೀಟಿಂಗ್. ಮೀಟಿಂಗ್ ಬೆಳಿಗ್ಗೆ ಹನ್ನೊಂದಕ್ಕೆ. ಹೋದರೆ ಆ ದಿನದ ಸಂಬಳ ಹೋಯ್ತು. ಹೋಗದಿದ್ದರೆ ಲೈನಿನವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ ಅಂತಾರೆ. ಒಂದ್ಸಲ ಹೋದೆ. ಭಾಷಣ ಆಯ್ತು, ಸಹಿ ಹಾಕಿಸಿಕೊಂಡರು, ಟೀ ಕೊಟ್ಟರು. ಮಗಳು ಹೇಗೆ ಓದ್ತಾಳೆ ಅಂತ ಯಾರೂ ಹೇಳಲಿಲ್ಲ. ಕೇಳೋಕೆ ನನಗೂ ಬರಲಿಲ್ಲ. ನಾನು ಓದಿರೋದು ನಾಲ್ಕನೇ ಕ್ಲಾಸು. ಏನಂತ ಕೇಳಬೇಕು?"

ತಾಯಿ,

ನಿಮ್ಮ ಕೊನೆಯ ಮಾತು ಓದಿ ನನಗೆ ನಾಚಿಕೆಯಾಯಿತು. ನಾನೂ ಒಂದು ಕಾಲಕ್ಕೆ ಮಗನ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲೆ ನೋಡಿಕೊಳ್ಳುವ ಸಮಿತಿಯ ಸದಸ್ಯ. ಮೂರು ವರ್ಷ ಸಭೆಗೆ ಹೋಗಿದ್ದೇನೆ. ಕಾಂಪೌಂಡು, ಶೌಚಾಲಯದ ಬಾಗಿಲು, ಸೋರುವ ಹೆಂಚು, ಆಗಸ್ಟ್ 15ರ ಲಾಡು, ಎಲ್ಲದರ ಬಗ್ಗೆಯೂ ಮಾತಾಡಿದ್ದೇವೆ. ಲಾಡಿನ ಗಾತ್ರಕ್ಕೆ ಜಗಳವೇ ಆಗಿತ್ತು. ಎಷ್ಟು ಮಕ್ಕಳಿಗೆ ಓದಲು ಬರುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ಡಿಗ್ರಿ ಮಾಡಿಕೊಂಡಿದ್ದ ನಾನೂ ಕೇಳಲಿಲ್ಲ. ನಿಮಗೆ ಹೊಳೆದದ್ದು ನಮಗೆ ಹೊಳೆದಿರಲಿಲ್ಲ ನೋಡಿ.

ಮೊದಲಿಗೆ ಒಂದು ವಿಷಯ. ಮಗಳ ಓದು ಹೇಗಿದೆ ಅಂತ ಕೇಳಲು ನೀವು ಹಿಂಜರಿಯಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಇದು ಶಿಕ್ಷಕರ ಕರ್ತವ್ಯ ಅಂತಲೇ ಇದೆ. ತಂದೆ ತಾಯಿಯ ಜೊತೆ ಆಗಾಗ ಸಭೆ ನಡೆಸಬೇಕು. ಮಗು ಸರಿಯಾಗಿ ಬರುತ್ತಿದೆಯಾ, ಎಷ್ಟು ಕಲಿತಿದೆ ಅಂತ ತಿಳಿಸಬೇಕು. ಅದೇ ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಇದನ್ನೆಲ್ಲ ಮೇಷ್ಟ್ರ ಮುಂದೆ ಹೋಗಿ ಒಪ್ಪಿಸಬೇಡಿ. ಕಾಯ್ದೆಯ ಮಾತು ಎತ್ತಿದರೆ ಯಾರಿಗಾದರೂ ಮುಖ ಗಂಟಾಗುತ್ತದೆ. ನಿಮ್ಮ ಮನಸ್ಸಿನಲ್ಲಿದ್ದರೆ ಸಾಕು.

ಈಗ ಏನು ಕೇಳಬೇಕು ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಮಗಳು ಕೂರುವುದು ನಲಿ-ಕಲಿ ಕೋಣೆಯಲ್ಲಿ. ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ ಇರುತ್ತಾರೆ. ಹೊರಗಿನಿಂದ ನೋಡಿದರೆ ಸಂತೆ ಥರ ಕಾಣುತ್ತದೆ. ಈ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಮೇಲೆ ಇಡೀ ರಾಜ್ಯಕ್ಕೆ ಬಂತು. ಅಲ್ಲಿ ಎಲ್ಲರಿಗೂ ಒಂದೇ ದಿನ ಒಂದೇ ಪಾಠ ಅಂತ ಇಲ್ಲ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ಒಂದೊಂದು ಕಾರ್ಡು ಮುಗಿಸುತ್ತಾ ಆ ಏಣಿ ಹತ್ತುತ್ತದೆ. ಏಣಿಯ ಹಂತಗಳಿಗೆ ಮೈಲಿಗಲ್ಲು ಅನ್ನುತ್ತಾರೆ. ಯಾವ ಮಗು ಎಲ್ಲಿದೆ ಅಂತ ಗುರುತು ಹಾಕಲು 'ಪ್ರಗತಿ ನೋಟ' ಅಂತ ಒಂದು ಪಟ್ಟಿಯೂ ಇರುತ್ತದೆ.

ಹಾಗಾಗಿ "ಮಗಳು ಹೇಗೆ ಓದ್ತಾಳೆ?" ಅಂತ ಕೇಳಬೇಡಿ. "ಪರವಾಗಿಲ್ಲ, ಚೆನ್ನಾಗಿ ಓದ್ತಾಳೆ, ಮನೇಲಿ ಸ್ವಲ್ಪ ನೋಡ್ಕೊಳ್ಳಿ" ಅಂತ ಉತ್ತರ ಬರುತ್ತದೆ. ಆ ಉತ್ತರದಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಆ ಪಟ್ಟಿಯ ಮುಂದೆ ನಿಂತು "ಮೇಡಂ, ನನ್ನ ಮಗಳು ಎಷ್ಟನೇ ಮೈಲಿಗಲ್ಲಿನಲ್ಲಿದ್ದಾಳೆ? ಕನ್ನಡದಲ್ಲಿ ಎಲ್ಲಿ, ಲೆಕ್ಕದಲ್ಲಿ ಎಲ್ಲಿ? ಹೋದ ತಿಂಗಳು ಎಲ್ಲಿದ್ದಳು?" ಅಂತ ಕೇಳಿ. ಎರಡು ತಿಂಗಳಿಂದ ಒಂದೇ ಕಡೆ ನಿಂತಿದ್ದರೆ "ಯಾವುದು ಬರ್ತಿಲ್ಲ?" ಅಂತ ಕೇಳಿ. ಒತ್ತಕ್ಷರವೋ, ದಶಕ ತಗೊಂಡು ಕಳೆಯುವುದೋ, ಏನಾದರೂ ಒಂದು ಇದ್ದೇ ಇರುತ್ತದೆ.

ಈಗಲೇ ಕೇಳಿ ಅನ್ನುವುದಕ್ಕೆ ಕಾರಣ ಇದೆ. ನಲಿ-ಕಲಿ ಮೂರನೇ ಕ್ಲಾಸಿಗೆ ಮುಗಿಯುತ್ತದೆ. ನಾಲ್ಕನೇ ಕ್ಲಾಸಿನಲ್ಲಿ ಏಣಿ ಇಲ್ಲ, ಪಠ್ಯಪುಸ್ತಕ ಮುಂದಕ್ಕೆ ಓಡುತ್ತಿರುತ್ತದೆ. ಕೇಂದ್ರದ ನಿಪುಣ್ ಭಾರತ್ ಯೋಜನೆ 2021ರಲ್ಲಿ ಶುರುವಾಯಿತು. ಅದರಲ್ಲಿ ಮೂರನೇ ಕ್ಲಾಸು ಮುಗಿಸುವ ಮಗುವಿಗೆ ಇಟ್ಟಿರುವ ಗುರಿ, ನಿಮಿಷಕ್ಕೆ 60 ಪದ ಅರ್ಥ ಮಾಡಿಕೊಂಡು ಓದುವುದು, 9999ರವರೆಗೆ ಸಂಖ್ಯೆ ಓದಿ ಬರೆಯುವುದು. ಗಡಿಯಾರ ಹಿಡಿದು ಮಗಳನ್ನು ಕೂರಿಸಬೇಡಿ ಮತ್ತೆ! ಅವಳಿಗೆ ಗೊತ್ತಿಲ್ಲದ ಒಂದು ಪುಟ ಓದಿಸಿ. ಪುಸ್ತಕ ಮುಚ್ಚಿಸಿ, ಅದರಲ್ಲಿ ಏನಿತ್ತು ಅಂತ ಹೇಳಿಸಿ. ಕಥೆ ಕೇಳಿಸಿಕೊಳ್ಳಲು ನೀವು ಓದಿರುವ ನಾಲ್ಕನೇ ಕ್ಲಾಸು ಜಾಸ್ತಿಯೇ ಆಯಿತು.

ಲೆಕ್ಕಕ್ಕೆ ನಿಮ್ಮ ಕೆಲಸದಲ್ಲೇ ಸಾಮಾನು ಇದೆ. ಕಾಫಿ ಕುಯ್ಲಿನ ಕಾಲದಲ್ಲಿ ಕೆ.ಜಿ. ಲೆಕ್ಕ ಅಲ್ವಾ? ಇವತ್ತು 68 ಕೆ.ಜಿ. ಆಯ್ತು, ಕೆ.ಜಿ.ಗೆ 4 ರೂಪಾಯಿ ಅಂತ ಇಟ್ಟುಕೊಳ್ಳಿ, ಎಷ್ಟಾಯ್ತು? 272 ಅಂತ ಅವಳೇ ಬರೆದಿಡಲಿ. ಬಟವಾಡೆ ದಿನ ವಾರದ್ದೆಲ್ಲ ಕೂಡಿಸಲಿ. ತೋಟದ ಲೆಕ್ಕ ಬರೆಯುವ ರೈಟರ್ ಬರೆದದ್ದರ ಮೇಲೂ ಒಂದು ಕಣ್ಣಿಟ್ಟ ಹಾಗಾಯಿತು.

ಇನ್ನು ಹನ್ನೊಂದು ಗಂಟೆಯ ಮೀಟಿಂಗು. ಇದು ನಿಮ್ಮ ತಪ್ಪಲ್ಲ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾದರೆ, ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್. ಆ ದಿನಗಳಲ್ಲಿ ಹಗಲು ಸಭೆ ಇಟ್ಟು, ಲೈನಿನವರು ಬರಲಿಲ್ಲ ಅನ್ನುವುದು ನ್ಯಾಯವಲ್ಲ. ಒಬ್ಬರೇ ಹೋಗಿ ಹೇಳಿದರೆ ದೂರು ಹೇಳಿದ ಹಾಗಾಗುತ್ತದೆ. ನಾಲ್ಕು ಜನ ತಾಯಂದಿರು ಸೇರಿ ಹೋಗಿ. ಸಂತೆ ದಿನ ತೋಟಕ್ಕೆ ರಜೆ ಇದ್ದರೆ ಸಂತೆ ಮುಗಿಸಿಕೊಂಡು ಬರುತ್ತೇವೆ ಅನ್ನಿ. ಅಥವಾ ಒಂದು ಸಂಜೆ ಲೈನಿಗೇ ಬನ್ನಿ ಅನ್ನಿ. ಆಗದ ಮಾತೇನಲ್ಲ. 2020ರಲ್ಲಿ ಕೊರೊನಾ ಬಂದಾಗ ವಿದ್ಯಾಗಮ ಅಂತ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಮರದ ಕಟ್ಟೆ ಹುಡುಕಿಕೊಂಡು ಹೋಗಿ ಪಾಠ ಮಾಡಿದ್ದಾರೆ. ತೋಟದ ಮಾಲೀಕರೂ ಈ ಪತ್ರಿಕೆ ಓದುತ್ತಾರೆ. ವರ್ಷಕ್ಕೆ ಎರಡು ಸಲ, ಎರಡು ಗಂಟೆ, ಸಂಬಳ ಮುರಿಯದೆ ಬಿಟ್ಟುಕೊಟ್ಟರೆ ಅವರ ಕಾಫಿಯೇನೂ ಉದುರಿ ಹೋಗುವುದಿಲ್ಲ.

ಮೇಷ್ಟ್ರುಗಳ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನನಗೆ ನಾಲ್ಕು ಪತ್ರ ಬರುತ್ತವೆ. ಐದು ಕ್ಲಾಸಿಗೆ ಇಬ್ಬರೇ ಇರುವ ಶಾಲೆಗಳಿವೆ. ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಸಮೀಕ್ಷೆ, ಆನ್‌ಲೈನ್ ಎಂಟ್ರಿ ಎಲ್ಲ ಅವರ ತಲೆ ಮೇಲೇ. ಆಧಾರ್ ಜೆರಾಕ್ಸ್ ಅವರೇನೂ ಆಸೆಪಟ್ಟು ಕೇಳುವುದಲ್ಲ. ಆದರೂ ಮೇಷ್ಟ್ರೇ, ವಾರಕ್ಕೆ ಒಂದು ವಾಯ್ಸ್ ಮೆಸೇಜು ಹಾಕಿ. "ಈ ವಾರ ಮಕ್ಕಳು ಗುಣಾಕಾರ ಕಲಿತಿದ್ದಾರೆ, ರಾತ್ರಿ ಕೇಳಿ ನೋಡಿ" ಅಂತ. ಅರ್ಧ ನಿಮಿಷದ ಕೆಲಸ. ಓದಲು ಬಾರದ ತಾಯಿಗೂ ಅದು ಕೇಳಿಸುತ್ತದೆ. ಲೈನಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮರುದಿನ ಗುಡ್ಡ ಹತ್ತಿದಾಗ ಕೇಳಿಸುತ್ತದೆ.

ಸರ್ಕಾರಿ ಶಾಲೆಗಳಲ್ಲಿ 'ಸಮುದಾಯದತ್ತ ಶಾಲೆ' ಅಂತ ಕಾರ್ಯಕ್ರಮ ಇದೆ. ಮಕ್ಕಳು ಬರೆದದ್ದನ್ನು ಪೋಷಕರಿಗೆ ತೋರಿಸುವ ದಿನ ಅದು. ಅದನ್ನು ಮಾತ್ರ ತಪ್ಪಿಸಬೇಡಿ. ಮಗಳು ಬರೆದ ಹಾಳೆ ಕೈಗೆ ಕೊಡಿ ಅಂತ ಕೇಳಿ, ಅವಳಿಂದಲೇ ಓದಿಸಿ. ಸಹಿ ಆಮೇಲೆ ಹಾಕಿದರಾಯಿತು.

ಕೇಳಿದ ಮೇಲೆ ಅವರು ಏನಂದರು ಅಂತ ನನಗೆ ಬರೆಯಿರಿ. ಅವಸರ ಇಲ್ಲ, ಕುಯ್ಲು ಮುಗಿಯಲಿ.

— ಸಂಪಾದಕ