ಓದುಗರ ಪ್ರಶ್ನೆ: ಸಿಗ್ನಲ್ಸ್‌ನಿಂದ ನರ್ಸಿಂಗ್‌ಗೆ

ಪ್ರಶ್ನೆ: ಸೇನೆಯ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ದಳದಲ್ಲಿ 15 ವರ್ಷ ಸೇವೆ ಮುಗಿಸಿ, ಪಿಂಚಣಿಯೊಂದಿಗೆ ಸೋಮವಾರಪೇಟೆ ತಾಲ್ಲೂಕಿನ ನಮ್ಮೂರಿಗೆ ಮರಳಿದ್ದೇನೆ. ವಯಸ್ಸು 33. ಸೆಕ್ಯುರಿಟಿ ಕೆಲಸಕ್ಕೆ ಸೇರುವುದಕ್ಕಿಂತ ನರ್ಸಿಂಗ್ ಓದಬೇಕೆಂಬ ಆಸೆಯಿದೆ. ‘ಈ ವಯಸ್ಸಿನಲ್ಲಿ, ಅದೂ ಗಂಡಸಿಗೆ, ಆ ಕೆಲಸವೇಕೆ’ ಎನ್ನುತ್ತಾರೆ ಮನೆಯವರು. ಮಳೆಯ ಪ್ರಮಾಣಕ್ಕೆ ತಕ್ಕಂತೆ ಬಣ್ಣ ಬದಲಿಸುವ ಎಲ್‌ಇಡಿ ದೀಪಗಳ ಸಾಲೊಂದನ್ನು ಆರ್ಡುಯಿನೊ (ಪ್ರೋಗ್ರಾಂ ಮಾಡಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಬಳಸಿ ತಯಾರಿಸುತ್ತಿದ್ದೇನೆ. ಓದಿಗೆ ಸೇರಿದರೆ ಈ ಹವ್ಯಾಸವನ್ನು ಕೈಬಿಡಬೇಕಾದೀತೆ?

ಉತ್ತರ: ಮನೆಯವರ ಆಕ್ಷೇಪಕ್ಕಿಂತ ವಯೋಮಿತಿಯ ವಿಷಯ ಹೆಚ್ಚು ತುರ್ತಿನದು. ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ ಪ್ರವೇಶಕ್ಕೆ ಭಾರತೀಯ ಶುಶ್ರೂಷಾ ಪರಿಷತ್ತು ಗರಿಷ್ಠ 35 ವರ್ಷದ ಮಿತಿ ಇಟ್ಟಿರುವುದರಿಂದ, ಇನ್ನೊಂದು ವರ್ಷ ಯೋಚಿಸೋಣವೆಂದು ಕೂರುವಷ್ಟು ಸಮಯ ನಿಮಗಿಲ್ಲ. ಕೋರ್ಸ್ 3 ವರ್ಷದ್ದು. ಪಿಯುಸಿಯಲ್ಲಿ ಯಾವ ವಿಭಾಗವಾದರೂ ಇಂಗ್ಲಿಷ್ ಸಹಿತ ಶೇ 40 ಅಂಕಗಳಿದ್ದರೆ ಅರ್ಹತೆಯುಂಟು. ಬಿ.ಎಸ್ಸಿ. ನರ್ಸಿಂಗ್‌ಗಾದರೆ ಭೌತ, ರಸಾಯನ ಮತ್ತು ಜೀವಶಾಸ್ತ್ರ ಓದಿರಲೇಬೇಕು. 15 ವರ್ಷದ ಸೇವೆಗಾಗಿ ಸೇನೆ ಕೊಡುವ ಪದವಿ ಪ್ರಮಾಣಪತ್ರವು ‘ಸಿ’ ಗುಂಪಿನ ಸರ್ಕಾರಿ ಹುದ್ದೆಗಳಿಗೆ ಅರ್ಜಿ ಹಾಕುವಾಗ ನೆರವಾಗುತ್ತದೆಯೇ ಹೊರತು, ಇಲ್ಲಿ ಪಿಯುಸಿ ಅಂಕಪಟ್ಟಿಯ ಬದಲಿಗೆ ನಡೆಯದು. ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ವಿಚಾರಿಸಿಕೊಳ್ಳಿ. ಪರಿಷತ್ತಿನ ನೋಂದಣಿ ಸಿಗದಿದ್ದರೆ ಓದಿದ್ದೆಲ್ಲ ವ್ಯರ್ಥ.

ಗಂಡಸಿಗೇಕೆ ಎಂಬ ಮಾತಿಗೆ ನಿಮ್ಮ ಸೇನೆಯಲ್ಲೇ ಉತ್ತರವಿದೆ. ಆರ್ಮಿ ಮೆಡಿಕಲ್ ಕೋರ್‌ನ ನರ್ಸಿಂಗ್ ಅಸಿಸ್ಟೆಂಟರು ಗಂಡಸರೇ ಅಲ್ಲವೇ? ಅವರ ಕೈಯಲ್ಲಿ ಬ್ಯಾಂಡೇಜ್ ಕಟ್ಟಿಸಿಕೊಂಡ ಮಾಜಿ ಸೈನಿಕರು ಕೊಡಗಿನ ಊರೂರಿನಲ್ಲೂ ಇದ್ದಾರೆ. ಅವರಲ್ಲೊಬ್ಬರನ್ನು ಮನೆಗೆ ಕರೆದು ಮಾತನಾಡಿಸಿದರೆ ಸಾಕು.

ರಾತ್ರಿ ಪಾಳಿ, ಪಾಳಿ ಬದಲಾಗುವಾಗ ಒಂದೂ ಬಿಡದಂತೆ ವಿವರ ಒಪ್ಪಿಸುವುದು, ಬರೆದಿಡುವ ಶಿಸ್ತು, ಇವೆಲ್ಲ ನಿಮಗೆ ಈಗಾಗಲೇ ಬಂದಿರುವ ವಿದ್ಯೆಗಳು. ಕಷ್ಟವಾಗುವುದು ಬೇರೆಡೆ. ಕೊಟ್ಟ ಆದೇಶವನ್ನು ತಕ್ಷಣ ಪಾಲಿಸುವ ಅಭ್ಯಾಸ ವಾರ್ಡಿನಲ್ಲಿ ಪೂರ್ತಿ ಗುಣವಲ್ಲ. ಉದಾಹರಣೆಗೆ, ಪೊಟ್ಯಾಸಿಯಂ ಕ್ಲೋರೈಡ್ ಎಂಬ ಔಷಧವನ್ನು ದ್ರಾವಣದಲ್ಲಿ ಬೆರೆಸಿ ನಿಧಾನವಾಗಿ ಹರಿಸಬೇಕು. ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತುಹೋಗಬಹುದು. ಅವಸರದಲ್ಲಿ ಬರೆದ ಚೀಟಿಯಲ್ಲಿ ಆ ವಿವರ ಬಿಟ್ಟುಹೋಗಿದ್ದರೆ, ಬರೆದ ವೈದ್ಯರು ಎಷ್ಟೇ ಹಿರಿಯರಾಗಿರಲಿ, ಸಿರಿಂಜನ್ನು ಕೆಳಗಿಟ್ಟು ‘ಸಾರ್, ಇದನ್ನು ಹೇಗೆ ಕೊಡಬೇಕು’ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ನರ್ಸ್‌ನ ಕರ್ತವ್ಯ. ಮಾತ್ರೆ ಬೇಡವೆನ್ನುವ ರೋಗಿಯ ಮೇಲೂ ದನಿ ಏರಿಸುವಂತಿಲ್ಲ. ಏಕೆ ಬೇಡವೆಂದು ಕೇಳಿ, ಉತ್ತರವನ್ನು ದಾಖಲಿಸಬೇಕು. ಮೊದಲ ವರ್ಷದಲ್ಲಿ ನಿಮಗಿಂತ 15 ವರ್ಷ ಕಿರಿಯ ಸಹಪಾಠಿಗಳು ಇದನ್ನು ನಿಮಗಿಂತ ಬೇಗ ಕಲಿತಾರು.

ಹವ್ಯಾಸವನ್ನು ಬಿಡಬೇಡಿ, ಅದರ ಸ್ವರೂಪ ಬದಲಿಸಿ. ತಾಂತ್ರಿಕವಾಗಿ ಎರಡು ಮಾತು ಹೇಳಬೇಕು. ಈ ಬಗೆಯ ದೀಪ ಪೂರ್ಣ ಬಿಳಿ ಬೆಳಕಿನಲ್ಲಿ ಸುಮಾರು 60 ಮಿಲಿ ಆಂಪಿಯರ್ ಎಳೆಯುತ್ತದೆ. 60 ದೀಪಗಳ ಸಾಲಿಗೆ 3.6 ಆಂಪಿಯರ್ ಬೇಕು. ಅಷ್ಟನ್ನು ಆರ್ಡುಯಿನೊ ಬೋರ್ಡ್‌ನಿಂದ ತೆಗೆಯಲು ಹೋಗದೆ 5 ವೋಲ್ಟಿನ ಪ್ರತ್ಯೇಕ ಸಪ್ಲೈ ಕೊಡಿ. ಮಳೆಮಾಪಕದ ಬಕೆಟ್ ವಾಲಿದಾಗ ಮುಚ್ಚುವ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಸ್ವಿಚ್) ಒಮ್ಮೆಗೇ ಎರಡು ಮೂರು ಬಾರಿ ಅದುರುವುದರಿಂದ, ಪ್ರೋಗ್ರಾಮಿನಲ್ಲಿ ಅದನ್ನು ಒಂದೇ ಎಣಿಕೆಯಾಗಿ ಹಿಡಿಯದಿದ್ದರೆ ನಿಮ್ಮೂರಿನಲ್ಲಿ ಸುರಿದದ್ದಕ್ಕಿಂತ ಹೆಚ್ಚು ಮಳೆ ದೀಪಗಳಲ್ಲಿ ಸುರಿಯುತ್ತದೆ.

ಪರೀಕ್ಷೆಯ ತಿಂಗಳುಗಳಲ್ಲಿ ಸೋಲ್ಡರಿಂಗ್ ಪಕ್ಕಕ್ಕಿಟ್ಟು ನಿಮ್ಮಲ್ಲಿನ ಕಾಫಿ ತೋಟದ ಮನೆಗಳಲ್ಲಿರುವ ಹಳೆಯ ಮಳೆ ಲೆಕ್ಕದ ಪುಸ್ತಕಗಳನ್ನು ಹುಡುಕಿ. ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ದಿನವೂ ಬರೆದಿಟ್ಟ ಆ ಅಂಕಿಗಳನ್ನು ದೀಪಗಳಿಗೆ ಉಣಿಸಿದರೆ ಮಾರ್ಚಿನ ಹೂಮಳೆ, ಜುಲೈ ಮಳೆ ಎಲ್ಲ ಸೇರಿ ಇಡೀ ಒಂದು ವರ್ಷ ಕೆಲವೇ ನಿಮಿಷಗಳಲ್ಲಿ ಗೋಡೆಯ ಮೇಲೆ ಹಾದುಹೋಗುತ್ತದೆ. ಆದರೆ 2018ರ ಆಗಸ್ಟ್ ಪುಟವನ್ನು ತೋರಿಸುವ ಮುನ್ನ ನೋಡುವವರಿಗೆ ತಿಳಿಸಿ. ಆ ತಿಂಗಳು ಕೊಡಗಿನಲ್ಲಾದ ಭೂಕುಸಿತದಲ್ಲಿ ಮನೆ ಕಳೆದುಕೊಂಡವರು ಅಲ್ಲಿರಬಹುದು.

ಮನೆಯಲ್ಲಿ ಮಾಡಿದ್ದನ್ನು ವಾರ್ಡಿಗೆ ಒಯ್ಯುವ ಆಸೆ ಖಂಡಿತ ಹುಟ್ಟುತ್ತದೆ. ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್‌ನೊಳಗೂ ಕೆಂಪು ಮತ್ತು ಅವಗೆಂಪು ಎಲ್‌ಇಡಿಗಳೇ ಇವೆ, ಅಂಥ ಸೆನ್ಸರ್ ಹವ್ಯಾಸಿಗಳಿಗೂ ಅಗ್ಗದಲ್ಲಿ ಸಿಗುತ್ತದೆ. ಅದನ್ನು ನಿಮ್ಮ ಬೆರಳಿಗೆ ಸಿಕ್ಕಿಸಿಕೊಂಡು ಕಲಿಯಿರಿ. ರೋಗಿಯ ಬೆರಳಿಗೆ ಆಸ್ಪತ್ರೆಯ ಉಪಕರಣ ಮಾತ್ರ.